ಅನಂತಯ್ಯ ಸರ್ ಸನ್ಮಾನ ಮತ್ತು ಕಳಸದ ಬಸ್ಸು

ಮುಖ್ಯ ಅತಿಥಿಗಳು ಮಾತು ಮುಗಿಸುವ ಲಕ್ಷಣವೇ ಕಾಣುತ್ತಿರಲಿಲ್ಲ. ವೇದಿಕೆಯ ಮೇಲೆ ಪೇಟ, ಶಾಲು, ಏಲಕ್ಕಿ ಹಾರದಲ್ಲಿ ಕೂತಿದ್ದ ಅನಂತಯ್ಯ ಸರ್ ಗೋಡೆಯ ಗಡಿಯಾರ ನೋಡಿದರು.

ನಮ್ಮ ಸಾಲಿನವರೆಲ್ಲ ಅದನ್ನು ಗಮನಿಸಿದೆವು. ಆ ನೋಟದ ಅರ್ಥ ನಮಗೆ ಗೊತ್ತಿತ್ತು.

ತೊಂಬತ್ತರ ದಶಕದ ಮಾತು. ಮೂಡಿಗೆರೆಯಲ್ಲಿ ನಮ್ಮ ಡಿಗ್ರಿ ಕಾಲೇಜು. ಇಂಗ್ಲಿಷ್ ಪ್ರೊಫೆಸರ್ ಆಗಿದ್ದ ಸರ್ ಕೊನೆಗೆ ಪ್ರಿನ್ಸಿಪಾಲರೂ ಆಗಿ ಅಂದು ನಿವೃತ್ತರಾಗುತ್ತಿದ್ದರು.

ದಿನದ ಕಡೆಯ ಪೀರಿಯಡ್ ಅವರದು. ಪಾಠ ಮುಗಿದ ಮೇಲೆ ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕ ತೆರೆದು, ದೂರದ ದೇಶದ ಕಥೆಯೊಂದನ್ನು ಅಲ್ಲೇ ಕನ್ನಡಕ್ಕೆ ತಿರುಗಿಸುತ್ತಾ ಓದುತ್ತಿದ್ದರು. ಬರೆದವರು ಯಾರೆಂದು ಕೇಳಿದರೆ, "ಮೊದಲು ಕಥೆ, ಆಮೇಲೆ ಹೆಸರು" ಎನ್ನುವರು.

ಆದರೆ ಕಥೆ ಎಂಥ ಘಟ್ಟದಲ್ಲೇ ಇರಲಿ, ಗಡಿಯಾರ ನೋಡಿ "ಕಳಸದ ಬಸ್ಸಿನವರು ಹೊರಡಿ" ಎಂದುಬಿಡುವರು. ಅದು ತಪ್ಪಿದರೆ ನಮಗೆ ಬೇರೆ ಬಸ್ಸಿರಲಿಲ್ಲ. ನಾನು ಜಾವಳಿಯಲ್ಲಿ ಇಳಿಯುವವಳು, ಗೆಳತಿ ಸವಿತಾ ಕಳಸದವರೆಗೂ ಹೋಗುವವಳು.

ಪೇಟೆಯ ಹುಡುಗ ಹುಡುಗಿಯರು ಕೂತು ಕೊನೆ ಕೇಳುತ್ತಿದ್ದರು. ಮರುದಿನ ಅದನ್ನು ನಮಗೆ ಹೇಳುವ ಕೆಲಸವನ್ನು ಸರ್ ಅವರಲ್ಲೊಬ್ಬಳಾದ ಪ್ರಭಾಗೆ ವಹಿಸಿದ್ದರು. ಪ್ರಭಾಳ ಬಾಯಲ್ಲಿ ಯಾವ ದೇಶದ ರಾಣಿಯೂ ಮೂಡಿಗೆರೆ ಸಂತೆಯ ಭಾಷೆಯಲ್ಲೇ ಜಗಳವಾಡುತ್ತಿದ್ದಳು. ನನಗೆ ಅದೂ ಇಷ್ಟ.

ಕೊನೆಯ ತರಗತಿಯಲ್ಲಿ ಓದಿದ್ದು ಹಿಮ ಬೀಳುವ ದೇಶದ ಕಥೆ. ನದಿ ದಾಟಿಸುವ ಮುದುಕನೊಬ್ಬನಿಗೆ ಅದು ಕೆಲಸದ ಕಡೆಯ ದಿನ. ದೋಣಿ ನಡುನೀರಿಗೆ ಬಂದಾಗ, ಬಿಟ್ಟುಬಂದ ದಡದಿಂದ ಯಾರೋ ಕೂಗುತ್ತಾರೆ. ಮಂಜಿನಲ್ಲಿ ಮುಖ ಕಾಣುವುದಿಲ್ಲ. ಮುದುಕ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾನೆ...

ಅಲ್ಲಿಗೆ ಪುಸ್ತಕ ಮುಚ್ಚಿದರು. ಅಂದು ಪೇಟೆಯವರಿಗೂ ಹೇಳಲಿಲ್ಲ. "ಇದರ ಕೊನೆ, ಬರೆದವರ ಹೆಸರು, ಎರಡೂ ಸನ್ಮಾನದ ದಿನ. ಅದೇ ನನ್ನ ಭಾಷಣ" ಎಂದರು.

ಹಾಗಾಗಿ ನಾವು ಸಭೆಯಲ್ಲಿ ಕಾದು ಕೂತಿದ್ದೇವೆ. ಮುಖ್ಯ ಅತಿಥಿಗಳು ಕಳಸದ ಕಡೆಯ ದೊಡ್ಡ ಎಸ್ಟೇಟ್ ಮಾಲೀಕರು. ಸರ್ ಸೇವೆಯನ್ನು ಕೊಂಡಾಡಿದ ಮಾತು ಅಲ್ಲಿಂದ ಕಾಫಿ ತೋಟದ ಹೂಮಳೆಗೆ ಹೊರಳಿ, ರೊಬಸ್ಟಾ ಕಾಫಿಯ ಬೆಲೆಗೆ ಬಂದು ನಿಂತಿದೆ.

ಸರ್ ಎದ್ದು ಮೈಕಿನ ಬಳಿ ಬಂದರು. "ಕ್ಷಮಿಸಿ, ಒಂದು ನಿಮಿಷ... ಕಳಸದ ಬಸ್ಸಿನವರು ಹೊರಡಿ."

ಯಾರೂ ಏಳಲಿಲ್ಲ.

"ನಾನೂ ಕಳಸದ ಕಡೆಯವ್ನೇ. ನಾನೂ ಹೊರಡ್ಲಾ ಸಾರ್?" ಎಂದರು ಮುಖ್ಯ ಅತಿಥಿಗಳು. ಇಡೀ ಹಾಲ್ ನಕ್ಕಿತು.

"ನಿಮಗೆ ಜೀಪಿದೆ. ಇವರಿಗಿಲ್ಲ" ಎಂದರು ಸರ್.

ಸವಿತಾ ನಿಂತು, "ಸಾರ್, ಕಥೆ..." ಎಂದಳು.

"ಪ್ರಭಾ ಹೇಳ್ತಾಳೆ. ಹೋಗಿ, ಹೋಗಿ."

ಪೇಟ ದೊಡ್ಡದಾಗಿ ಹಣೆಯ ಮೇಲೆ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನಮ್ಮನ್ನು ಬಾಗಿಲ ಕಡೆ ಕಳಿಸುತ್ತಿದ್ದರು. ಅರ್ಧ ಹಾಲ್ ಖಾಲಿಯಾಯಿತು.

ಬಸ್ಸು ಬಣಕಲ್ ದಾಟಿದ ಮೇಲೆ ಕಂಡಕ್ಟರ್ ಉಮೇಶಣ್ಣ ಪಾಸ್ ನೋಡಲು ಬಂದರು. "ಅಲ್ಲ, ಇವತ್ತು ಮೇಷ್ಟ್ರ ಸನ್ಮಾನ ಅಲ್ವಾ? ನೀವು ಬರೋದು ತಡ ಆಗುತ್ತೆ ಅಂತ ಡ್ರೈವರ್‌ಗೆ ಹೇಳಿಟ್ಟಿದ್ದೆ. ಎಷ್ಟೊತ್ತಾದ್ರೂ ಕಾಯ್ತಿದ್ವಿ. ನೀವು ನೋಡಿದ್ರೆ ದಿನದ ಹಾಗೇ ಬಂದ್ಬಿಟ್ರಿ!"

"ಮೊದ್ಲೇ ಹೇಳ್ಬಾರ್ದಿತ್ತಾ ಉಮೇಶಣ್ಣ!" ಎಂದಳು ಸವಿತಾ.

ಪ್ರಭಾ ಮತ್ತೆ ಸಿಕ್ಕಿದ್ದು ಪರೀಕ್ಷೆಯ ದಿನ. ಹಾಲ್ ಟಿಕೆಟ್ ಹಿಡಿದು ನಿಂತಿದ್ದವಳನ್ನು ಹಿಡಿದುಕೊಂಡೆವು.

"ನಂಗೆ ಗೊತ್ತಿಲ್ಲ ಮಾರಾಯ್ತಿ. ಖಾಲಿ ಕುರ್ಚಿ ನೋಡ್ಕಂಡೇ ಸಾರ್ ಮಾತು ಶುರು ಮಾಡಿದ್ರು. ನಂಗೆ ಅಳು ಬಂದ್ಬಿಡ್ತು, ಹೇಳಿದ್ದೊಂದೂ ಕಿವಿಗೆ ಬೀಳ್ಲಿಲ್ಲ. ಆಮೇಲೆ ಕೇಳ್ಸಿದ್ದು ಚಪ್ಪಾಳೆ ಒಂದೇ."

ಪರೀಕ್ಷೆಯ ಗಡಿಬಿಡಿಯಲ್ಲಿ ಬೇರೆ ಪೇಟೆಯವರನ್ನು ಕೇಳುವುದಾಗಲಿಲ್ಲ. ಅಷ್ಟರಲ್ಲಾಗಲೇ ಸರ್ ಮನೆ ಖಾಲಿ ಮಾಡಿ ತಮ್ಮ ಊರಿಗೆ ಹೊರಟುಹೋಗಿದ್ದರು. ಈಗ ಅವರಿಲ್ಲ.

ಅನುವಾದದ ಪುಸ್ತಕಗಳನ್ನೇ ಯಾಕೆ ಅಷ್ಟು ಓದುತ್ತೀಯೆಂದು ಈ ಓದುಗರ ಗುಂಪಿನಲ್ಲಿ ಕೆಲವರು ಕೇಳಿದ್ದೀರಿ. ಶುರುವಾದದ್ದು ಆ ಕಥೆಯ ಹುಡುಕಾಟದಿಂದ. ಪುಟದಲ್ಲಿ ನದಿ ಬಂದರೆ, ದೋಣಿ ಬಂದರೆ, ಈಗಲೂ ಓದುವ ವೇಗ ತಾನಾಗಿ ಹೆಚ್ಚುತ್ತದೆ. ಒಳ್ಳೆಯ ಪುಸ್ತಕಗಳು ಬೇಕಾದಷ್ಟು ಸಿಕ್ಕಿವೆ. ಅದು ಮಾತ್ರ ಸಿಕ್ಕಿಲ್ಲ.

ಕೆಲವೊಮ್ಮೆ ಅನುಮಾನ ಬರುತ್ತದೆ... ಆ ಕಂದು ಹೊದಿಕೆಯೊಳಗೆ ಅಂಥ ಕಥೆ ಇತ್ತೋ ಇಲ್ಲವೋ.

ಅಂದು ಸಭೆಯಲ್ಲಿ ಕಡೆಯವರೆಗೂ ಕೂತಿದ್ದ ಪೇಟೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ. ಬರೆದವರ ಹೆಸರು ನೆನಪಿಲ್ಲದಿದ್ದರೂ ಪರವಾಗಿಲ್ಲ.

ಮುದುಕ ದೋಣಿ ತಿರುಗಿಸಿದನಾ?