ಹೊಲವಿಲ್ಲದವರ ಚರಗ

ಎಳ್ಳಮಾವಾಸ್ಯೆಯ ದಿನ ನಮ್ಮವ್ವ ಸಿಕ್ಕಿಬಿದ್ದಳು. ಕೈಯಲ್ಲಿ ಸಜ್ಜೆ ಕಡುಬು, ಎದುರಿಗೆ ವಾಚರ್ ಹುಸೇನಸಾಬರು, ಪಕ್ಕದಲ್ಲೇ ‘ಪ್ರಾಣಿ, ಪಕ್ಷಿಗಳಿಗೆ ಆಹಾರ ಹಾಕಬಾರದು’ ಎಂಬ ಬೋರ್ಡು. (ಅವ್ವನಿಗೆ ಓದು ಬರುವುದಿಲ್ಲ. ನನಗೆ ಬರುತ್ತದೆ. ನಾನು ಆಕಾಶ ನೋಡುತ್ತ ನಿಂತಿದ್ದೆ.)

ಈ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಬೆಳೆಯ ನಡುವೆ ಚೆಲ್ಲಿ, ಭೂಮಿತಾಯಿಗೆ ಉಣಿಸಿ ಆಮೇಲೆ ನಾವು ಉಣ್ಣಬೇಕು. ಅದೇ ಚರಗ. ಹೊಲವೇ ಇಲ್ಲದವರು ಏನು ಮಾಡಬೇಕು? ಯಲಬುರ್ಗಾದ ಎರೆಹೊಲ ಮಾರಿ ಕೊಪ್ಪಳದಲ್ಲಿ ಮನೆ ಕಟ್ಟಿಸಿದ ಪುಣ್ಯಾತ್ಮ ನಾನೇ. ಚರಗ ಚೆಲ್ಲದೆ ತುತ್ತು ಎತ್ತುವುದಿಲ್ಲ ಎಂದು ಅವ್ವ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯಿಂದ ಉಪವಾಸ ಕೂತಿದ್ದಳು. ಆಗ ಹೊಳೆದದ್ದು ಊರಂಚಿನ ಜೀವವೈವಿಧ್ಯ ವನ. ಮಣ್ಣಿದೆ, ಗಿಡಗಳಿವೆ, ಪಾರ್ಕಿಂಗೂ ಇದೆ. ಇನ್ನೇನು ಬೇಕು?

ನೀವೂ ಹೋಗಿರುತ್ತೀರಿ. ಹಿಂದೆ ಅದು ಕಲ್ಲಿನ ಕ್ವಾರಿ. ಕಲ್ಲು ಮುಗಿದ ಮೇಲೆ ಊರಿನ ತಿಪ್ಪೆ. ಮೂಗು ಮುಚ್ಚಿಕೊಂಡು ದಾಟುತ್ತಿದ್ದ ನಾವೇ ಈಗ ಟಿಕೆಟ್ ತೆಗೆದುಕೊಂಡು ಅಲ್ಲಿ ಗಾಳಿ ಕುಡಿಯುತ್ತೇವೆ. ವಾಕಿಂಗ್ ಟ್ರ್ಯಾಕ್ ಇದೆ, ಚಿಟ್ಟೆಗಳ ತೋಟ ಇದೆ, ಹಕ್ಕಿ ನೋಡಲು ಅಟ್ಟಣಿಗೆಯೂ ಇದೆ. (ಅದನ್ನು ಹತ್ತಿದವರು ನೋಡುವುದು ಮೊಬೈಲಿನಲ್ಲಿ ತಮ್ಮ ಮುಖವನ್ನೇ!)

ಹುಸೇನಸಾಬರು ಗದರಲಿಲ್ಲ. ಹೋದ ವರ್ಷ ಹೀಗೇ ನಾಲ್ಕು ಮನೆಯವರು ಬಂದು ಚರಗ ಚೆಲ್ಲಿ ಹೋದರಂತೆ. ತಿನ್ನಲು ಬಂದ ಮಂಗಗಳು ಇಲ್ಲೇ ಬಿಡಾರ ಹೂಡಿ, ಗೂಡುಗಳಲ್ಲಿದ್ದ ಮೊಟ್ಟೆಗಳನ್ನೆಲ್ಲ ಖಾಲಿ ಮಾಡಿದವಂತೆ.

“ನಿಮ್ಮ ಹಬ್ಬಕ್ಕ ನಾ ಬ್ಯಾಡ ಅನ್ನಂಗಿಲ್ಲ ಯವ್ವಾ. ಆದ್ರ ಆ ಹಕ್ಕಿ ಇನ್ನೂ ತಿರುಗಿ ಬಂದಿಲ್ಲ ನೋಡ್ರಿ.”

ಅವ್ವ ಎತ್ತಿದ ಕೈ ಇಳಿಸಿದಳು. ನನಗೆ ನಾಚಿಕೆಯಾಯಿತು. ಹೊಲ ಮಾರಿದಾಗಲೂ ಇಷ್ಟು ಆಗಿರಲಿಲ್ಲ.

ಸುತ್ತಲೂ ಒಮ್ಮೆ ಕಣ್ಣಾಡಿಸಿ, ಈ ಗಿಡಗಳನ್ನು ಬೆಳೆಸಿದವರು ಯಾರೆಂದು ಕೇಳಿದಳು. ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದವರೇ ಆಮೇಲೆ ಕೊಡ ಹೊತ್ತು ನೀರು ಹಾಕಿದರು, ಅವರಲ್ಲಿ ತಾನೂ ಒಬ್ಬ ಎಂದರು ಹುಸೇನಸಾಬರು.

“ಹಂಗಾರ ನೀ ಉಣ್ಣು ತಮ್ಮಾ. ಭೂಮಿತಾಯಿ ಬ್ಯಾಡ ಅನ್ನಂಗಿಲ್ಲ.”

ಮೊದಲ ಕಡುಬು ಅವರ ಕೈಗೆ. ಅವರು ತಿಂದ ಮೇಲೆಯೇ ಅವ್ವ ತುತ್ತು ಎತ್ತಿದಳು. ಕೆಳಗೆ ಬಿದ್ದ ಒಂದೆರಡು ಅಗುಳನ್ನೂ ಆರಿಸಿ ಡಬ್ಬಿಗೆ ಹಾಕಿಕೊಂಡಳು.

ಹೊರಡುವಾಗ ಗೇಟಿನಲ್ಲಿ ರಿಜಿಸ್ಟರ್ ತುಂಬಬೇಕಿತ್ತು. ‘ಭೇಟಿಯ ಉದ್ದೇಶ’ ಎಂಬಲ್ಲಿ ನಮಗಿಂತ ಮೊದಲಿನವರು ವಾಕಿಂಗ್, ಫೋಟೋಶೂಟ್, ಟೈಂಪಾಸ್ ಎಂದೆಲ್ಲ ಬರೆದಿದ್ದರು. ಏನು ಬರೆಯಲಿ ಎಂದು ಅವ್ವನನ್ನೇ ಕೇಳಿದೆ.

“ಹೊಲಕ್ಕ ಬಂದಿದ್ವಿ ಅಂತ ಬರಿ.”