ಕಿರ್ ಎನ್ನದ ಹಲಗೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನನ್ನ ಗುಟ್ಟು ರಟ್ಟಾಯಿತು. ಮಹಡಿಯ ಹಳೆಯ ಮರದ ನೆಲವನ್ನು ಉಜ್ಜಿಸಿ ಪಾಲಿಶ್ ಮಾಡಿಸಿದ್ದೆವು. ಅದು ಒಣಗಿದ ಮೇಲೆ ಮಾವ ನಿನ್ನೆಯಷ್ಟೇ ಮತ್ತೆ ಅಲ್ಲಿ ಮಲಗಲು ಹೋಗಿದ್ದರು. ಬೆಳಿಗ್ಗೆ ಕೆಳಗಿಳಿದು ಬಂದವರೇ ಖಾಲಿ ಲೋಟ ನೋಡಿದರು.

"ಎಂತನೇ, ಕಾಫಿ ಇಲ್ವಾ ಇವತ್ತು?"

"ನೀವು ಎದ್ದದ್ದೇ ಗೊತ್ತಾಗ್ಲಿಲ್ಲ ಮಾವ. ಮಂಚದ ಹತ್ರದ ಹಲಗೆ ಕಿರ್ ಅನ್ಲೇ ಇಲ್ಲ."

ಬಾಯಿ ತಪ್ಪಿ ಬಂದ ಮಾತು. ದಿನವೂ ಆ ಹಲಗೆಯ ಸದ್ದು ಕೇಳಿಯೇ ನಾನು ಕಾಫಿಗೆ ಇಡುತ್ತಿದ್ದುದು. ಪಾಲಿಶ್ ಮಾಡಲು ಬಂದ ಮರಗೆಲಸದ ಆಚಾರ್ರು ಅದನ್ನೂ ಬಿಗಿ ಮಾಡಿ ಹೋಗಿದ್ದಾರೆ.

ಮಾವ ಕುರ್ಚಿ ಎಳೆದು ಕೂತರು. "ನನ್ನ ಸೊಸೆಗೆ ನನ್ನ ಮನಸ್ಸು ಗೊತ್ತಾಗ್ತದೆ ಅಂತ ಕೊಪ್ಪ ಪೇಟೇಲೆಲ್ಲ ಹೇಳ್ಕಂಡು ಬಂದಿದ್ನಲ್ಲ ಮಾರಾಯ್ತಿ."

"ಆಚಾರ್ರಿಗೆ ಫೋನ್ ಮಾಡ್ತೇನೆ ಮಾವ. ಬಂದು ಸಡಿಲ ಮಾಡ್ಲಿ."

"ಬೇಡ, ನೆಲ ಚಂದ ಆಗಿದೆ. ನಾನೇ ಕೆಮ್ತೇನೆ."

ಮಧ್ಯಾಹ್ನದ ನಿದ್ದೆ ಮುಗಿಸಿ ಮೇಲಿನಿಂದ ಕೆಮ್ಮಿದರು. ಒಲೆ ಹಚ್ಚುವಾಗ ಯಾಕೋ ಕಣ್ಣು ತುಂಬಿತು. ಇಷ್ಟು ವರ್ಷ ನನ್ನ ಹೆಸರು ಉಳಿಸಿದ ಹಲಗೆಗೂ, ಆ ಕೆಲಸ ವಹಿಸಿಕೊಂಡ ಮಾವನಿಗೂ ನಮಸ್ಕಾರ. ವ್ಯತ್ಯಾಸ ಇಷ್ಟೇ: ಹಲಗೆ ಒಂದು ಸಲ ಕಿರ್ ಎಂದು ಸುಮ್ಮನಾಗುತ್ತಿತ್ತು, ಮಾವ ಕಾಫಿ ಕೈಗೆ ಬರುವ ತನಕ ಕೆಮ್ಮುತ್ತಾರೆ.