ಹೆಲ್ಮೆಟ್ ಒಳಗಿನ ಊರು

ನನ್ನ ನೆಗೆಣ್ಣಿಯ ತವರು ಕಂಪ್ಲಿಯಲ್ಲಿತ್ತು, ನನ್ನದು ಸಂಡೂರಿನಲ್ಲಿ. ನನ್ನ ಹೊಟ್ಟೆಕಿಚ್ಚಿನ ಅರ್ಧ ಕಾರಣ ಈ ಒಂದು ಮಾತಿನಲ್ಲೇ ಇದೆ. ಎಮ್ಮಿಗನೂರಿನ ನಮ್ಮ ಮನೆಯಿಂದ ಹೊರಟು ಅವಳು ಬಸ್ಸು ಹತ್ತಿದರೆ, ಬಾಯಲ್ಲಿನ ಎಲೆಅಡಿಕೆ ಮುಗಿಯುವುದರೊಳಗೆ ತಾಯಿಯ ಅಡುಗೆಮನೆಯಲ್ಲಿ ಕುಳಿತಿರುತ್ತಿದ್ದಳು. ನಾನಾದರೆ ಕಂಪ್ಲಿ ದಾಟಿ, ಹೊಸಪೇಟೆಯಲ್ಲಿ ಇನ್ನೊಂದು ಬಸ್ಸಿಗೆ ಕಾದು, ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಸಂಡೂರು ಮುಟ್ಟುವ ಹೊತ್ತಿಗೆ ತವರಿನ ಆಸೆಯೇ ಅರ್ಧ ಇಳಿದಿರುತ್ತಿತ್ತು.

ಉಳಿದರ್ಧ ಕಾರಣ ನಮ್ಮ ಅತ್ತೆ.

ಕಾಲುವೆ ನೀರು ಎರಡು ಬೆಳೆಗೂ ಸಾಲುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಕೊನೆ. ಒಂದು ಒಳ್ಳೆಯ ಸುಗ್ಗಿ ಮುಗಿದ ಮೇಲೆ ಮನೆಗೆ ಕಲರ್ ಟಿವಿ ಬಂತು. ಅತ್ತೆಗೆ ಭಾನುವಾರ ಮಧ್ಯಾಹ್ನದ ಹಿಂದಿ ಧಾರಾವಾಹಿಯೊಂದರ ಹುಚ್ಚು ಹಿಡಿಯಿತು. ಅದರ ನಾಯಕ ಶಾಲೆಯೊಂದರಲ್ಲಿ ಸಾದಾ ಡ್ರಿಲ್ ಮಾಸ್ತರು. ಯಾರಿಗಾದರೂ ಕಷ್ಟ ಬಂತೆಂದರೆ ಸಾಕು, ನೀಲಿ ಅಂಗಿ ತೊಟ್ಟು ಆಕಾಶಕ್ಕೆ ಹಾರುತ್ತಿದ್ದ. ಅತ್ತೆಗೆ ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲ. ನಾನು ಮದುವೆಗೆ ಮೊದಲು ಹಿಂದಿಯ ಎರಡು ಪರೀಕ್ಷೆ ಪಾಸಾದವಳು. ಹೀಗಾಗಿ ಅವರ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕುಳಿತು, ಕಿವಿಯಲ್ಲಿ ಕಥೆ ಹೇಳುವ ಕೆಲಸ ನನ್ನದಾಯಿತು.

ಆ ಜಾಗ ನನಗೆ ಎಷ್ಟು ದೊಡ್ಡದು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಸಾರಿಗೆ ಉಪ್ಪು ಎಷ್ಟು, ಯಾವ ಸೀರೆ ತರುವುದು, ಹೊಲಕ್ಕೆ ಎಷ್ಟು ಆಳು, ಇಂಥ ಒಂದು ಮಾತನ್ನೂ ಅತ್ತೆ ನನ್ನನ್ನು ಕೇಳಿದವರಲ್ಲ. ಇಡೀ ವಾರ ಅವರು ಹೇಳಬೇಕು, ನಾನು ಕೇಳಬೇಕು. ಭಾನುವಾರ ಆ ಒಂದು ಹೊತ್ತು ಮಾತ್ರ ನಾನು ಹೇಳಬೇಕು, ಅವರು ಕೇಳಬೇಕು. "ಮುಂದ ಏನಾಗತೈತಿ ಲೇ?" ಎಂದು ಅವರು ನನ್ನ ಮುಖ ನೋಡಿದಾಗ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ನನ್ನ ಊಹೆ ತಪ್ಪುತ್ತಿರಲಿಲ್ಲ. ಯಾವನು ಕಳ್ಳ, ಯಾವಳು ವೇಷ ಹಾಕಿದವಳು ಎಂದು ಮೊದಲೇ ಹೇಳಿಬಿಡುತ್ತಿದ್ದೆ.

ಗದ್ದೆಯಲ್ಲೂ ನನಗೆ ಮರ್ಯಾದೆ ಇತ್ತು. ನಾಟಿಯ ದಿನಗಳಲ್ಲಿ ಕೂಲಿ ಹೆಂಗಸರ ಜೊತೆ ಅತ್ತೆಯೂ ನಾನೂ ಕೆಸರಿಗೆ ಇಳಿಯುತ್ತಿದ್ದೆವು. ನಮ್ಮ ಕಡೆ ಒಂದು ರೂಢಿ: ಸಾಲಿನಲ್ಲಿ ಕಥೆ ಹೇಳುವವಳು ಸಸಿಕಟ್ಟು ತರಲು ಬದುವಿಗೆ ಹೋಗಬೇಕಿಲ್ಲ. ಅಕ್ಕಪಕ್ಕದವರು ಅವಳ ಕೈಗೇ ತಂದುಕೊಡುತ್ತಾರೆ, ಕಥೆ ತುಂಡಾಗಬಾರದು ನೋಡಿ. ಅವಳು ಬರುವವರೆಗೆ ಕಟ್ಟು ನನ್ನ ಕೈಗೆ ಬರುತ್ತಿತ್ತು.

ಅವಳು ಎಂದರೆ ನನ್ನ ಮೈದುನನ ಹೆಂಡತಿ. ಬಂದ ಮೊದಲ ಭಾನುವಾರವೇ ಅತ್ತೆಯ ಇನ್ನೊಂದು ಪಕ್ಕದಲ್ಲಿ ಕುಳಿತಳು. ಹಿಂದಿ ಬರುತ್ತಿರಲಿಲ್ಲ. ಕಂಪ್ಲಿಯ ಸಂತೆಯಲ್ಲಿ ಬಳೆ ಚೌಕಾಸಿ ಮಾಡುವಷ್ಟು ಉರ್ದು, ಅಷ್ಟೇ. ಆದರೆ ಬಾಯಿ ಇತ್ತು. ನಾನು "ಅವನು ಮನೆಗೆ ಹೋಗ್ತೀನಿ ಅಂದ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ, ಅವಳು ಆ ಕಡೆಯಿಂದ, "ಮನಿಗೆ ಅಂತಾನ ಖರೆ, ಆದ್ರ ಮನಸಿನ್ಯಾಗ ಆ ಹುಡುಗಿ ಅದಾಳ ಬಿಡ್ರಿ ಅತ್ತಿ" ಎನ್ನುತ್ತಿದ್ದಳು. ಟಿವಿಯಲ್ಲಿ ಆ ಹುಡುಗಿಯ ಸುದ್ದಿಯೇ ಇರುತ್ತಿರಲಿಲ್ಲ. ಅತ್ತೆ ನಗುತ್ತಿದ್ದರು. ನಾಲ್ಕು ಭಾನುವಾರ ಕಳೆಯುವುದರಲ್ಲಿ ಅವರ ಮುಖ ಆ ಕಡೆಗೆ ಹೊರಳಿತ್ತು. ನನಗೆ ಹೊಟ್ಟೆ ಉರಿಯಿತು. ಅವಳ ಜಡೆ, ಅವಳ ನಗು, ಅವಳು ರೊಟ್ಟಿ ತಟ್ಟುವ ಸಪ್ಪಳ ಕೂಡ ನನಗೆ ಆಗದಾಯಿತು.

ಆಗ ಬಂತು ಹೆಲ್ಮೆಟ್ಟಿನ ಕಥೆ. ಹಳೆಯ ವೈರಿಯಾದ ಬೋಳುತಲೆಯ ವಿಜ್ಞಾನಿ ನಮ್ಮ ನೀಲಿ ಅಂಗಿಯವನನ್ನು ಕುರ್ಚಿಗೆ ಕಟ್ಟಿ, ತಲೆಗೆ ವೈರುಗಳ ಹೆಲ್ಮೆಟ್ ತೊಡಿಸಿದ. ಅದರೊಳಗೆ ಬೀದಿ, ಮನೆ, ಜನ ಎಲ್ಲ ಕಾಣುತ್ತದೆ, ಯಾವುದೂ ನಿಜವಲ್ಲ. "ಇನ್ನು ಮುಂದೆ ನಾನು ತೋರಿಸಿದ್ದೇ ನಿನ್ನ ಲೋಕ" ಎಂದು ಬೋಳುತಲೆಯವನು ನಕ್ಕ. ನಾನು ಅದನ್ನು ಅತ್ತೆಗೆ ಹೇಳುತ್ತಿದ್ದ ಹಾಗೆಯೇ ಕರೆಂಟು ಹೋಯಿತು.

ನಮ್ಮ ಹಳ್ಳಿಯ ಲೈನು ಬೇರೆ, ಕಂಪ್ಲಿಯ ಲೈನು ಬೇರೆ. ಇಲ್ಲಿ ಹೋದರೆ ಅಲ್ಲಿ ಬರುತ್ತಿತ್ತು, ಅಲ್ಲಿ ಹೋದರೆ ಇಲ್ಲಿ. ಆ ದಿನ ಕಥೆಯ ಮೊದಲರ್ಧ ನಮಗೆ ಸಿಕ್ಕಿತು, ಕೊನೆಯರ್ಧ ಕಂಪ್ಲಿಯವರಿಗೆ. ಪೂರ್ತಿ ಕಂಡವರು ನಮಗೆ ಗೊತ್ತಿದ್ದವರಲ್ಲಿ ಒಬ್ಬರೂ ಇಲ್ಲ. ಅತ್ತೆ ಊಟಕ್ಕೆ ಕುಳಿತರೂ ಅನ್ನ ಕಲಸುತ್ತಲೇ ಇದ್ದರು. "ಅವನ್ನ ಏನ್ ಮಾಡಿದ್ನೋ ಆ ಬೋಳಪ್ಪ" ಎಂಬುದೇ ಒಂದು ಜಪ.

ಮರುದಿನ ಬೆಳಗ್ಗೆ ನೆಗೆಣ್ಣಿಗೆ ಹಲ್ಲುನೋವು ಬಂತು. ಎಂಥ ಹಲ್ಲುನೋವೆಂದರೆ ಕಂಪ್ಲಿಯ ಡಾಕ್ಟರೇ ನೋಡಬೇಕಾದದ್ದು. ಯಾವತ್ತೂ ಸೊಸೆಯರನ್ನು ಸುಲಭಕ್ಕೆ ತವರಿಗೆ ಬಿಡದ ಅತ್ತೆ, "ಹೋಗವ್ವಾ, ಜಲ್ದಿ ಹೋಗಿ ಬಾ" ಎಂದು ತಾವೇ ಬಸ್ಸಿನವರೆಗೆ ಕಳಿಸಿಬಂದರು. ಸಂಡೂರಿಗೆ ಹೋಗುತ್ತೇನೆಂದು ನಾನು ದೀಪಾವಳಿಯಿಂದ ಕೇಳುತ್ತಿದ್ದೆ.

ಸಂಜೆ ಅವಳು ಬಂದಾಗ ಹಲ್ಲಿನ ಬಗ್ಗೆ ಯಾರೂ ಕೇಳಲಿಲ್ಲ. ಅವಳು ಹೊಸಿಲು ದಾಟುವ ಮೊದಲೇ, "ಸತ್ತ ರೀ ಅತ್ತಿ!" ಎಂದಳು. ನೀಲಿ ಅಂಗಿಯವನು ಹೇಗೋ ಕೈ ಬಿಡಿಸಿಕೊಂಡು, ಹೆಲ್ಮೆಟ್ ಕಿತ್ತು ಎಸೆದು, ಮನೆಗೆ ಓಡಿದನಂತೆ. ಅವ್ವನ ಕೈಯ ಊಟ ಮಾಡಿದನಂತೆ. ಆಮೇಲೆ ಹಾರಲು ಹೋದರೆ ಶಕ್ತಿ ಇಲ್ಲ, ಬೆಟ್ಟದ ತುದಿಯಿಂದ ಕೆರೆಗೆ ಬಿದ್ದನಂತೆ. ಅವಳ ತವರಿನವರೆಲ್ಲ ಕಣ್ಣಾರೆ ಕಂಡಿದ್ದರಂತೆ.

"ಹೆಲ್ಮೆಟ್ ತೆಗದ ಮ್ಯಾಲೆ ಬಿದ್ದಾನ. ಅಂದ್ರ ಖರೇನ ಸತ್ತಾನ" ಎಂದು ಅವಳು ಕಣ್ಣು ಒರೆಸಿಕೊಂಡಳು. ಅತ್ತೆ ಅಲ್ಲಿಂದಲೇ ಹಂಪಿಯ ಕಡೆ ತಿರುಗಿ, ಅವನು ಉಳಿದರೆ ವಿರೂಪಾಕ್ಷನಿಗೆ ಕಾಯಿ ಒಡೆಸುತ್ತೇನೆ ಎಂದು ಕೈ ಮುಗಿದರು. ಮಾವ ಮೂಗು ಮುರಿದರು. "ಟಿವಿಯಾಗಿನವಂಗ ಹರಕಿ ಹೊರ್ತಾರೇನಲೇ!"

ಆ ವಾರ ನಾಟಿಯ ಸಾಲಿನಲ್ಲಿ ಬೇರೆ ಮಾತೇ ಇಲ್ಲ. ಕಟ್ಟುಗಳೆಲ್ಲ ಅವಳ ಕೈಗೆ ಹೋದವು. ಅವಳು ಕೆರೆಗೆ ಬಿದ್ದದ್ದನ್ನು ಹೇಳಿದಷ್ಟೂ ಕೆರೆ ಆಳವಾಗುತ್ತ ಹೋಯಿತು. ಒಬ್ಬಳು, ಅವನಿಗೊಬ್ಬ ಅವಳಿ ತಮ್ಮ ಇರಬೇಕು ಎಂದಳು. ಇನ್ನೊಬ್ಬಳು, ಬಯಲಾಟದಲ್ಲಿ ಸತ್ತ ರಾಜನೂ ಮಂಗಳಾರತಿಗೆ ಎದ್ದು ನಿಲ್ಲುವುದಿಲ್ಲವೇ, ಇವನೂ ಏಳುತ್ತಾನೆ ಎಂದಳು. ನಾನು ಬಾಗಿ ಸಸಿ ಊರುತ್ತ ಸುಮ್ಮನೆ ಕೇಳಿದೆ. ಸುಮ್ಮನೆ ಎಂದರೆ ಹಲ್ಲು ಕಚ್ಚಿಕೊಂಡು.

ಬುಧವಾರವೋ ಗುರುವಾರವೋ, ಅವಳು ಊಟದ ಭಾಗವನ್ನು ಮತ್ತೆ ಹೇಳುತ್ತಿದ್ದಳು. ಅವ್ವ ಹಳೇ ಮನೆಯ ಪಡಸಾಲೆಯಲ್ಲಿ, ಆ ಹಸಿರು ಕಂಬದ ಪಕ್ಕ ತಾಟು ಇಟ್ಟಳು ಎಂದಳು. ನನ್ನ ಕೈ ಕೆಸರಿನಲ್ಲೇ ನಿಂತಿತು. ಆ ಮನೆಗೆ ಬೋಳುತಲೆಯವನು ಹಿಂದಿನ ಒಂದು ಕಂತಿನಲ್ಲೇ ಬೆಂಕಿ ಇಟ್ಟಿದ್ದ. ಹಸಿರು ಕಂಬ ಉರಿದು ಬಿದ್ದದ್ದನ್ನು ನಾನೇ ಅತ್ತೆಗೆ ಹೇಳಿದ್ದೆ.

"ಸುಟ್ಟ ಮನಿ ಮತ್ತ ಹೆಂಗ ಎದ್ದು ನಿಂತೈತಿ?" ಎಂದೆ. ಸಾಲು ಪೂರ್ತಿ ನನ್ನ ಕಡೆ ತಿರುಗಿತು. "ಅವನು ಹೆಲ್ಮೆಟ್ ತೆಗದೇ ಇಲ್ಲ. ತೆಗದಂಗ ಆ ಹೆಲ್ಮೆಟ್ಟ ತೋರಿಸೈತಿ. ಮನಿ, ಊಟ, ಕೆರಿ ಎಲ್ಲಾ ಅದರ ಒಳಗಿಂದು. ಅವ ಇನ್ನೂ ಕುರ್ಚಿ ಮ್ಯಾಲೇ ಅದಾನ."

ಮುಗಿಯಿತಲ್ಲ ಕಥೆ! ಅವಳ ಬಾಯಿ ಮುಚ್ಚಿಸಿದೆ ಎಂದು ನನಗೆ ಎಂಥ ಸಂತೋಷ. ಉಳಿದ ಮಡಿಯನ್ನು ಎಲ್ಲರೂ ಮೌನವಾಗಿ ನೆಟ್ಟರು. ಅತ್ತೆ ಒಮ್ಮೆ ಮಾತ್ರ, "ಹಂಗಾದ್ರ ಬದುಕ್ಯಾನ ಅನ್ನು" ಎಂದು ಸೊಂಟ ಸವರಿಕೊಂಡರು.

ಮುಂದಿನ ಭಾನುವಾರ ಅತ್ತೆಯ ಪುಣ್ಯಕ್ಕೆ ಕರೆಂಟು ಹೋಗಲಿಲ್ಲ. ಕೆರೆಯಲ್ಲಿ ಮುಳುಗುತ್ತಿದ್ದವನ ಚಿತ್ರ ಮಸುಕಾಯಿತು, ಕುರ್ಚಿ ಕಾಣಿಸಿತು, ಅದರಲ್ಲಿ ಅವನು ಕಾಣಿಸಿದ. ಹೆಲ್ಮೆಟ್ ತಲೆಯ ಮೇಲೆ ಇದ್ದ ಹಾಗೇ ಇತ್ತು. ನಾನು ಎದ್ದೇ ನಿಂತೆ. "ನೋಡ್ರಿ ಅತ್ತಿ, ನಾ ಹೇಳಿದ್ನೋ ಇಲ್ಲೋ?"

"ಹೇಳಿದ್ದಿ ಬಿಡವ್ವಾ, ನೀ ಹೇಳಿದಂಗ ಆತು" ಎಂದರು ಅತ್ತೆ. ನೆಗೆಣ್ಣಿಗೆ ನಾಚಿಕೆಯೂ ಇಲ್ಲ, ಬೇಸರವೂ ಇಲ್ಲ. "ಬದುಕಿದ್ನಲ್ಲ ಅಕ್ಕ, ಅಷ್ಟ ಸಾಕು" ಎಂದು ನನ್ನ ಕೈ ಹಿಡಿದು ನಕ್ಕಳು. ಧಾರಾವಾಹಿ ಮುಗಿಯಿತು. ಅತ್ತೆ ಕಾಲು ಮಡಚಿಕೊಂಡು ಆ ಪಕ್ಕಕ್ಕೆ ತಿರುಗಿ, ಅವಳನ್ನು ಕೇಳಿದರು: "ಇನ್ನ ಮುಂದ ಏನಾಗತೈತಿ ಹೇಳವ್ವಾ?"

ನನಗೆ ತಡೆಯಲಾಗಲಿಲ್ಲ. "ಅತ್ತಿ, ಆಕಿ ಇಲ್ಲೀತನ ಒಂದರ ಸರಿ ಹೇಳ್ಯಾಳೇನ್ರಿ? ಎಲ್ಲಾ ಸರಿ ಹೇಳಿದಾಕಿ ನಾನು."

ಅತ್ತೆಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. "ನಿಂದು ಸುಳ್ಳಾಗಂಗಿಲ್ಲ ಬಿಡು ಲೇ. ನೀ ಹೇಳಿದ ಮ್ಯಾಲೆ ನನಗ ಯೋಚನಿ ಮಾಡಾಕ ಏನೂ ಉಳಿಯಂಗಿಲ್ಲ. ಆಕಿ ಹೇಳಿದ್ರ ಮುಂದಿನ ಆಯ್ತಾರತನಕ ದಿನಾ ಒಂದೊಂದು ನಮೂನಿ ಆಗತೈತಿ" ಎಂದರು. ಆಮೇಲೆ ಪ್ರೀತಿಯಿಂದಲೇ, "ಒಂದೀಟು ಚಾ ಇಡು ಹೋಗು, ನಿನ್ನ ಕೈ ಚಾ ಭಾಳ ಚಲೋ" ಎಂದರು.

ನಾನು ಹೋಗಿ ಒಲೆ ಹಚ್ಚಿದೆ. ಪಡಸಾಲೆಯಿಂದ ಅವಳ ಮಾತು ಕೇಳಿಸುತ್ತಿತ್ತು. ಬೋಳುತಲೆಯವನಿಗೆ ಒಬ್ಬ ಮಗಳಿದ್ದಾಳೆ, ಅವಳು ರಾತ್ರಿ ಬಂದು ಹಗ್ಗ ಬಿಚ್ಚುತ್ತಾಳೆ ಎನ್ನುತ್ತಿದ್ದಳು. ಅಂಥ ಮಗಳು ಯಾವ ಕಂತಿನಲ್ಲೂ ಇರಲಿಲ್ಲ, ಬರುವುದೂ ಇಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅವಳ ದನಿ ತಗ್ಗಿತು. ಆ ಮಗಳು ಹಗ್ಗ ಬಿಚ್ಚಿದ ಮೇಲೆ ಏನು ಮಾಡಿದಳೆಂದು ಕೇಳಿಸಲಿಲ್ಲ. ನಾನು ಸೌಟು ಹಿಡಿದುಕೊಂಡು ಬಾಗಿಲ ಸಂದಿಗೆ ಬಂದು ಕಿವಿಗೊಟ್ಟು ನಿಂತೆ, ಹಿಂದೆ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ.